ಆಮೆಯೂ ಅಮೀನನೂ ಒಂದೇ ಮನೆಯಲ್ಲಿ

ಇನ್ನು ಮುಂದೆ ಈ ಕೈಗಳಿಂದ ಒಂದು ಬಡಜೀವಕ್ಕಾದರೂ ಮನೆ ಕೊಟ್ಟೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಭಾನುವಾರ, ಹೊಟ್ಟೆ ಬಿರಿಯುವಂತೆ ಹೋಳಿಗೆ ತಿಂದ ಮೇಲೆ. ಹೋಳಿಗೆ ತಿಂದವನ ಪ್ರತಿಜ್ಞೆ ನಡೆಯುವುದಿಲ್ಲ ಅಂತ ಸರ್ಕಾರ ಒಂದು ಕಾನೂನು ತಂದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ!

ಹೆಸರು ಯಂಕೋಬ. ಗಂಗಾವತಿಯ ಕೋರ್ಟಿನಲ್ಲಿ ಅಮೀನ. ಅಂದರೆ ಸಮನ್ಸು ಮುಟ್ಟಿಸುವವನು, ಆದೇಶ ಹಿಡಿದು ಹೋಗಿ ಮನೆ ಖಾಲಿ ಮಾಡಿಸುವವನು. ಬಾಗಿಲ ಮುಂದೆ ನಿಂತು ಮೂರು ಸಲ ಹೆಸರು ಕೂಗುತ್ತೇನೆ. ತೆರೆಯದಿದ್ದರೆ ನೋಟಿಸನ್ನು ಬಾಗಿಲಿಗೇ ಅಂಟಿಸಿ ಬರುತ್ತೇನೆ. ನನ್ನ ಗಂಟಲು ಎಂಥದ್ದೆಂದರೆ, ಒಂದು ಕೂಗಿಗೆ ಇಡೀ ಓಣಿಯ ಬಾಗಿಲುಗಳು ತೆರೆಯುತ್ತವೆ, ಯಾರನ್ನು ಕೂಗಿದೆನೋ ಅವರ ಬಾಗಿಲೊಂದನ್ನು ಬಿಟ್ಟು!

ಇಂಥವನಿಗೆ ಬಾಡಿಗೆ ಮನೆ ಕೊಡುವವರು ಯಾರು? ‘ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಎರಡೂ ಹಾಳು’ ಎಂದು ಗಾದೆ ಕಟ್ಟಿದ ಪುಣ್ಯಾತ್ಮನ ವಿಳಾಸ ಸಿಕ್ಕಿದ್ದರೆ ಸ್ವಂತ ಖರ್ಚಿನಲ್ಲಿ ಹೋಗಿ ಅವನಿಗೊಂದು ಸಮನ್ಸು ಕೊಟ್ಟು ಬರುತ್ತಿದ್ದೆ. "ಏನ್ ಕೆಲಸ್ರಿ?" ಎಂದು ಕೇಳಿದವರಿಗೆ ಉತ್ತರ ಹೇಳಿದ ಕೂಡಲೇ ಖಾಲಿ ಇದ್ದ ಮನೆ ಭರ್ತಿಯಾಗಿಬಿಡುತ್ತಿತ್ತು. ಕಡೆಗೆ ಹೆಂಡತಿ ಸುರೇಖಾ ಒಬ್ಬಳೇ ಹೋಗಿ ಹುಲಿಗವ್ವನ ಮನೆಯ ಮುಂಭಾಗವನ್ನು ಗೊತ್ತು ಮಾಡಿಕೊಂಡು ಬಂದಳು.

"ಏನಂತ ಹೇಳಿದಿ?" ಎಂದೆ.

"ಕೋರ್ಟಿನ್ಯಾಗ ಅದಾರ ಅಂದ್ನಿ. ಸುಳ್ಳೇನು?"

ಸುಳ್ಳಲ್ಲ. ಆದರೆ ಹಿತ್ತಲಲ್ಲಿ ಎಮ್ಮೆ ಕಟ್ಟಿಕೊಂಡು ಓಣಿಗೆಲ್ಲ ಹಾಲು ಹಾಕುವ ಆ ಗಟ್ಟಿ ಮುದುಕಿ, ಅಷ್ಟೇ ಮಾತಿನ ಮೇಲೆ ನನ್ನನ್ನು ನ್ಯಾಯಾಧೀಶನನ್ನಾಗಿ ನೇಮಕ ಮಾಡಿಬಿಟ್ಟಳು! "ಜಡ್ಜ ಸಾಹೇಬ್ರ, ಹಾಲು ತಗೋರಿ" ಎಂದು ಬೆಳಿಗ್ಗೆ ಚೊಂಬು ಹಿಡಿದು ನಿಲ್ಲುತ್ತಿದ್ದಳು. ನಾನು ತಿದ್ದಲಿಲ್ಲ. ಹಾಲು ಭಾಳ ಗಟ್ಟಿಯಾಗಿತ್ತು.

ಈಗ ಹೋಳಿಗೆಗೆ ಬರೋಣ. ಯಲಬುರ್ಗಾ ಕಡೆ ಸುರೇಖಾಳ ಚಿಕ್ಕಪ್ಪನ ಬಸುರಿ ಮಗಳ ಕುಬಸದ ಹೋಳಿಗೆ ಊಟ ಮುಗಿಸಿ ಬೈಕಿನಲ್ಲಿ ವಾಪಸು ಬರುತ್ತಿದ್ದೆವು. ಕೆಂಪು ನೆಲ, ಜಾಲಿಕಂಟಿ, ನೆತ್ತಿ ಸುಡುವ ಬಿಸಿಲು. ರಸ್ತೆಯ ನಟ್ಟನಡುವೆ ಒಂದು ಆಮೆ! ಬೆನ್ನ ತುಂಬ ಹಳದಿ ಚಿಕ್ಕೆಗಳು. ಯಾವ ಅವಸರವೂ ಇಲ್ಲದೆ, ಮಧ್ಯಾಹ್ನ ಊಟಕ್ಕೆ ಹೊರಟ ಗುಮಾಸ್ತನ ಹಾಗೆ ನಡೆದಿತ್ತು. ನಾನು ಬ್ರೇಕು ಒತ್ತಿದೆ. ನಾನು ಹುಟ್ಟಿದ್ದು ಗಂಗಾವತಿ ಪಕ್ಕದ ಸಿದ್ದಾಪುರದಲ್ಲಿ, ಕಾಲುವೆಯ ದಂಡೆಯಲ್ಲಿ. ನೀರಿಲ್ಲದ ಕಡೆ ಯಾರನ್ನು ಕಂಡರೂ ನನಗೆ ಕನಿಕರ. ಹಿಂಗೇ ಕನಿಕರಪಟ್ಟು ನೀರಿಲ್ಲದ ಕುಷ್ಟಗಿಯ ಹೆಣ್ಣನ್ನು ಮದುವೆಯಾದವನು ನಾನು!

"ಪಾಪ! ನೀರು ಹುಡುಕಿಕೊಂಡ ಹೊಂಟೈತಿ," ಎಂದೆ. "ಇದನ್ನ ನಾ ಕಾಪಾಡ್ತೀನಿ."

"ಏನ್ ಕಾಪಾಡ್ತೀರಿ? ಇದು ಅಡವಿ ಆಮಿ. ನಮ್ಮಪ್ಪನ ಹೊಲದಾಗ ಇಂಥವು ಅಡ್ಡಾಡ್ತಿದ್ದವು. ನೀರಿಗೆ ಇಳಿಯೂದಿಲ್ಲ."

"ನಿಮ್ಮ ಕಡೆ ನೀರಿದ್ರ ತಾನೇ ಇಳಿಯೂದು!"

ಈ ಮಾತಿಗೆ ನಾನೇ ನಗುತ್ತ ಆಮೆಯನ್ನು ಬುತ್ತಿಗಂಟಿನ ಚೀಲಕ್ಕೆ ಹಾಕಿದೆ. ಗಂಗಾವತಿಯಲ್ಲಿ ಬೈಕಿನಿಂದ ಇಳಿಯುವಾಗ ಸುರೇಖಾ ಒಂದೇ ಮಾತು ಹೇಳಿದಳು. "ಹುಲಿಗವ್ವಗ ಗೊತ್ತಾತಂದ್ರ ಆಮಿನೂ ಹೊರಗ, ನಾವೂ ಹೊರಗ. ಇನ್ನೊಂದು ಮನಿ ಹುಡುಕಾಕ ನಾ ಬರಾಂಗಿಲ್ಲ."

ಮೊದಲ ಉಪಚಾರವೆಂದು ದೊಡ್ಡ ಟಬ್ಬಿನ ತುಂಬ ನೀರು ತುಂಬಿ, ಅತಿಥಿಯನ್ನು ಸಕಲ ಮರ್ಯಾದೆಯೊಂದಿಗೆ ಇಳಿಬಿಟ್ಟೆ. ಅದು ಕಲ್ಲಿನಂತೆ ತಳಕ್ಕೆ ಹೋಯಿತು.

"ನೋಡು, ನೋಡು! ಎಷ್ಟು ದಿನದ ದಾಹವೋ ಏನೋ, ಸೀದಾ ತಳಕ್ಕ ಹೋತು!"

"ಮುಳುಗಾಕತ್ತೈತ್ರೀ!" ಎಂದು ಕಿರುಚಿದ ಸುರೇಖಾ ಮೊಣಕೈವರೆಗೆ ಕೈ ಹಾಕಿ ಅದನ್ನು ಎತ್ತಿದಳು. ಆಮೆ ಮೂಗಿನಿಂದ ನೀರು ಬಿಟ್ಟು, ನನ್ನತ್ತ ಒಂದು ಸಲ ನೋಡಿ, ತಲೆ ಕಾಲು ಎಲ್ಲವನ್ನೂ ಒಳಗೆ ಎಳೆದುಕೊಂಡಿತು. ಆ ನೋಟ ನನಗೆ ಪರಿಚಿತ. ಸಮನ್ಸು ತೆಗೆದುಕೊಳ್ಳುವವರೆಲ್ಲ ಹಾಗೇ ನೋಡುತ್ತಾರೆ.

ಆಮೇಲೆ ಊಟ. ಗಂಗಾವತಿಯವರಿಗೆ ಜಗತ್ತಿನ ಯಾವ ಸಮಸ್ಯೆಗೂ ಒಂದೇ ಪರಿಹಾರ, ಅನ್ನ. ಬಿಸಿ ಅನ್ನ ಇಟ್ಟೆ, ಮೊಸರನ್ನ ಇಟ್ಟೆ. ತಲೆ ಹೊರಬರಲಿಲ್ಲ. ಕೂರ್ಮಪ್ಪ ಎಂದು ನಾಮಕರಣ ಮಾಡಿ, ಚಿಪ್ಪಿನ ಮೇಲೆ ಬೆರಳಿನಿಂದ ಬಡಿದು, ಇಲಾಖೆಯ ಪದ್ಧತಿಯಂತೆ ಮೂರು ಸಲ ಕೂಗಿದೆ, ಹುಲಿಗವ್ವನಿಗೆ ಕೇಳದಷ್ಟು ಮೆಲ್ಲಗೆ. "ಕೂರ್ಮಪ್ಪಾ! ಕೂರ್ಮಪ್ಪಾ! ಕೂರ್ಮಪ್ಪೋ!"

"ತೆಗೀವಲ್ದಲ್ಲ. ನೋಟಿಸು ಬೆನ್ನಿಗೆ ಅಂಟಿಸ್ರಿ," ಎಂದಳು ಸುರೇಖಾ, ರೊಟ್ಟಿಯ ಜೊತೆ ಹತ್ತರಕಿ ಸೊಪ್ಪು ಕಡಿಯುತ್ತ. ಕೈಯಲ್ಲಿದ್ದ ಎರಡು ಎಲೆಗಳನ್ನು ಆಮೆಯ ಮುಂದೆ ಎಸೆದಳು. ತಲೆ ಹೊರಬಂತು! ಕಚ ಕಚ ಕಚ! ಒಂದೇ ಸೀಮೆಯವರು ಎದುರು ಬದರು ಕೂತು ಸೊಪ್ಪು ಮೇಯುತ್ತಿದ್ದರೆ ನಾನು ಮೊಸರನ್ನದ ತಟ್ಟೆ ಹಿಡಿದು ನೋಡುತ್ತ ಕೂತೆ.

ಅದನ್ನು ಹೊರಕೋಣೆಯ ಮಂಚದ ಕೆಳಗೆ ಇಟ್ಟು, ಮುಂದೆ ಒಂದು ಮಣೆ ಅಡ್ಡ ಇಟ್ಟೆ. ಕೂರ್ಮಪ್ಪನಿಗೆ ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ಯಾವ ಜನ್ಮದ ಸಿಟ್ಟೋ, ಹೋಗಿ ಹೋಗಿ ಚಿಪ್ಪಿನಿಂದ ಅದಕ್ಕೆ ಗುದ್ದುತ್ತಿತ್ತು. ಟಕ್! ಟಕ್! ಮರುದಿನವೇ ಹುಲಿಗವ್ವ ಹಾಲಿನ ಚೊಂಬಿನೊಂದಿಗೆ ಕಿವಿಯನ್ನೂ ತಂದಳು.

"ಏನ್ರಿ ಸಾಹೇಬ್ರ, ಒಳಗ ಟಕ್ ಟಕ್ ಅಂತೈತಲ್ಲ?"

ಸುರೇಖಾ ನನ್ನ ಮುಖ ನೋಡಿದಳು. ನಾನು ಎದೆ ಉಬ್ಬಿಸಿದೆ. "ಅದಾ? ಸುತ್ತಿಗಿ. ನ್ಯಾಯ ಹೇಳುವಾಗ ಮೇಜಿಗೆ ಹೊಡೀತೀವಲ್ಲ, ಅದು. ಮನ್ಯಾಗ ರೂಢಿ ಮಾಡ್ಕೊಳ್ಳಾಕತ್ತೀನಿ."

"ಅಯ್ ಶಿವನ! ಸಿನಿಮಾದಾಗ ನೋಡೀನಿ ತಗೋರಿ!" ಮುದುಕಿ ಕೈ ಮುಗಿದಳು. ಸುಳ್ಳು ಎಷ್ಟು ಸೊಗಸಾಗಿ ಕೂತಿತೆಂದರೆ ನನಗೇ ಒಂದು ಗಳಿಗೆ ಬಡ್ತಿ ಸಿಕ್ಕಂತಾಯಿತು. ಆದರೆ ಹುಲಿಗವ್ವನಂಥವಳಿಗೆ ಸುತ್ತಿಗೆಯಿರುವ ಜಡ್ಜು ಸಿಕ್ಕರೆ ಸುಮ್ಮನೆ ಬಿಡುತ್ತಾಳೆಯೇ?

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಹುಲಿಗವ್ವ, ಪಕ್ಕದ ಮನೆಯ ಹುಸೇನಬೀ ಇಬ್ಬರೂ ನಿಂತಿದ್ದಾರೆ! ಹುಲಿಗವ್ವನ ಹಿತ್ತಲಿನ ನುಗ್ಗೆಗಿಡದ ಒಂದು ಟೊಂಗೆ ಹುಸೇನಬೀಯ ಅಂಗಳಕ್ಕೆ ಬಾಗಿದೆ. ಕಾಯಿ ಯಾರದು? ವರ್ಷಗಳಿಂದ ನಡೆದ ವ್ಯಾಜ್ಯ. ನನ್ನ ಮುಂದೆ ಇಟ್ಟರು.

"ನಮ್ಮ ಗಿಡ, ನಮ್ಮ ಬೇರು!" ಎಂದಳು ಹುಲಿಗವ್ವ.

"ಬೇರು ನಿಂದಿರ್ಲಿ. ಎಲಿ ಉದುರಿ ಕಸ ಆಗೂದು ನಮ್ಮ ಅಂಗಳದಾಗ. ಕಸ ನಮಗ, ಕಾಯಿ ನಿನಗ? ಇದೇನು ಇನ್ಸಾಫು, ಇದೇನು ನ್ಯಾಯ?" ಎಂದಳು ಹುಸೇನಬೀ. ಮಾತಿನ ನಡುವೆ ನನ್ನನ್ನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ಸಾಹೇಬ್ರನ್ನ ಎಲ್ಲೋ ನೋಡೀನಿ."

"ಕೋರ್ಟಿನ್ಯಾಗ ನೋಡಿರ್ತೀ, ಸುಮ್ನಿರು!" ಎಂದಳು ಹುಲಿಗವ್ವ.

ನಾನು ಮಂಚದ ಮೇಲೆ ಕೂತು ಗಂಟಲು ಸರಿಮಾಡಿಕೊಂಡೆ. ಇಷ್ಟು ವರ್ಷ ಹೊರಗಿನಿಂದ ಕೇಳಿಸಿಕೊಂಡ ಗಂಭೀರ ಮಾತುಗಳನ್ನೆಲ್ಲ ಒಟ್ಟು ಮಾಡಿದೆ. "ಉಭಯ ಪಕ್ಷಗಳ ವಾದವನ್ನು ಕೂಲಂಕಷವಾಗಿ ಆಲಿಸಲಾಗಿ..."

ಟಕ್!

ಇಬ್ಬರೂ ಬೆಚ್ಚಿ ಕೈ ಕಟ್ಟಿದರು. ಆಮೇಲೆ ಹುಲಿಗವ್ವ ನನ್ನ ಎರಡೂ ಕೈಗಳನ್ನು ನೋಡಿದಳು. ಅವು ತೊಡೆಯ ಮೇಲಿದ್ದವು.

"ಸುತ್ತಿಗಿ ಎಲ್ಲೈತ್ರಿ?"

ಉತ್ತರ ಮಂಚದ ಕೆಳಗಿನಿಂದ ಬಂತು. ಮಣೆ ದಬ್ಬನೆ ಬಿತ್ತು. ಕೂರ್ಮಪ್ಪ ಸಾವಕಾಶವಾಗಿ ಹೊರಬಂದು, ಸಭೆಯ ನಡುವೆ ಹಾದು, ನೇರ ಹುಲಿಗವ್ವನ ಸೀರೆಯ ನೆರಿಗೆಯೊಳಗೆ ಹೊಕ್ಕಿತು.

"ಎವ್ವಾ! ಆಮಿ! ಮನ್ಯಾಗ ಆಮಿ! ಹೊರಗ ಕರೀರೀ ಅದನ್ನ!"

ದೇವರಾಣೆಗೂ ನಾನು ಬೇಕೆಂದು ಮಾಡಲಿಲ್ಲ. ಗಾಬರಿಯಲ್ಲಿ ಹೊಟ್ಟೆಯೊಳಗಿನ ಕಸುಬು ತಾನಾಗಿ ಎದ್ದು ನಿಂತಿತು. ಮಂಚದಿಂದ ಜಿಗಿದು, ಎದೆ ಸೆಟೆಸಿ, ಓಣಿ ನಡುಗುವ ಹಾಗೆ ಕೂಗಿದೆ: "ಕೂರ್ಮಪ್ಪಾ! ಕೂರ್ಮಪ್ಪಾ! ಕೂರ್ಮಪ್ಪೋ! ಹಾಜರ್ ಹೈ!"

ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಹುಸೇನಬೀಯ ಕಣ್ಣುಗಳೂ.

"ಯಾ ಅಲ್ಲಾ! ಈ ಗಂಟಲಾ! ನಮ್ಮ ತಂಗಿ ಬಾಡಿಗಿ ಇದ್ದ ಮನಿ ಖಾಲಿ ಮಾಡ್ಸಾಕ ಬಂದಾಗ ಹಿಂಗ ಮೂರು ಸಲ ಒದರಿದ್ದ! ಹುಲಿಗವ್ವಾ, ಇಂವ ಜಡ್ಜ ಅಲ್ಲವಾ, ಅಮೀನ! ಅಮೀನ ಅದಾನ!"

ಹುಲಿಗವ್ವ ಮೂಲೆಯ ಕುರ್ಚಿ ಹತ್ತಿ ಕಾಲು ಎತ್ತಿಕೊಂಡು ಕೂತವಳು ಒಮ್ಮೆ ಆಮೆಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಗಾದೆಯ ಎರಡೂ ಭಾಗ ಅವಳ ಹೊರಕೋಣೆಯಲ್ಲಿ ಹಾಜರಿದ್ದವು.

"ಒಂದು ಹೊಕ್ಕರ ಮನಿ ಹಾಳು ಅಂತಾರ. ಎರಡೂ ತಂದು ಹೊಗಿಸೀಯೇನವಾ ಸುರೇಖಾ!"

ನಾನೇನು ಮಾಡಿದೆ ಎಂದು ಕೇಳಬೇಡಿ. ಸದ್ದಿಲ್ಲದೆ ಒಳಕೋಣೆಗೆ ಹೋಗಿ, ಆ ಸೆಕೆಯಲ್ಲಿ, ತಲೆಯ ಮೇಲಿಂದ ಕಂಬಳಿ ಎಳೆದುಕೊಂಡು ಮಲಗಿದೆ. ನಾಚಿಕೆ ಒಂದು ಕಡೆ. ಮತ್ತೆ ಮನೆ ಮನೆ ತಿರುಗಿ "ಏನ್ ಕೆಲಸ್ರಿ?" ಎಂಬ ಪ್ರಶ್ನೆ ಕೇಳಿಸಿಕೊಳ್ಳಬೇಕಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ಸುರೇಖಾಳ ಮುಖ ನೆನೆದರೆ ಎರಡಕ್ಕಿಂತ ಹೆಚ್ಚಿನ ಸಂಕಟ.

ಅಷ್ಟರಲ್ಲಿ ಹುಸೇನಬೀ ತನ್ನ ಮೊಮ್ಮಗಳು ಖುಷ್ಬುವನ್ನು ಕರೆದು ತಂದಿದ್ದಳು. ಆ ಹುಡುಗಿ ಅರಣ್ಯ ಇಲಾಖೆಯಲ್ಲಿ ಗಾರ್ಡು! ಗಾರ್ಡು ಎಂಬ ಮಾತು ಕೇಳಿದ ಕೂಡಲೇ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡೆ. ಕಿವಿಯೊಂದನ್ನು ಮಾತ್ರ ಹೊರಗೆ ಬಿಟ್ಟೆ.

"ಅಕ್ಕಾರ, ಇದು ನಕ್ಷತ್ರ ಆಮೆ. ಮನ್ಯಾಗ ಇಟ್ಕೊಳ್ಳೂದು ಅಪರಾಧ. ಎಲ್ಲಿ ಸಿಕ್ತು?"

"ಯಲಬುರ್ಗಾ ದಾರ್ಯಾಗ. ನೀರಿಲ್ದ ಕಡೆ ಐತಿ, ಕಾಪಾಡ್ತೀನಿ ಅಂತ ತಂದ್ರು."

"ಅದು ಬಾಳ್ವೆ ಮಾಡೂದೇ ಅಂಥಾ ಕಡೆ! ಯಾರೂ ಕಾಪಾಡೂದು ಬೇಕಾಗಿರ್ಲಿಲ್ಲ. ಇದ್ದ ಮನಿಯಿಂದ ಎಬ್ಬಿಸಿಕೊಂಡು ಬಂದೀರಿ."

"ಹೌದವಾ," ಎಂದಳು ಸುರೇಖಾ ನಿಟ್ಟುಸಿರು ಬಿಟ್ಟು. "ಕೋರ್ಟಿನ ಆದೇಶ ಇಲ್ದನ ಖಾಲಿ ಮಾಡಿಸ್ಯಾರ. ಅದೂ ಭಾನುವಾರ!"

ತಾವಾಗಿಯೇ ಒಪ್ಪಿಸಿದಿರಿ ಅಂತ ಮೇಲಿನವರಿಗೆ ಹೇಳುತ್ತೇನೆ, ಮುಂದಿನದು ಅವರಿಗೆ ಬಿಟ್ಟದ್ದು, ಇನ್ನೊಮ್ಮೆ ಇಂಥ ಉಪಕಾರ ಯಾರಿಗೂ ಮಾಡಬೇಡಿ ಎಂದು ಎಚ್ಚರಿಸಿ, ಖುಷ್ಬು ಆಮೆಯನ್ನು ರಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡಳು. ಮೇಲಿನವರು ನೋಡಿದ ಮೇಲೆ ಸಿಕ್ಕ ಕಡೆಯೇ ಬಿಟ್ಟು ಬರುತ್ತಾರಂತೆ. ಸುರೇಖಾ ಡಬ್ಬಿಗೆ ಒಂದು ಹಿಡಿ ಹತ್ತರಕಿ ಹಾಕಿದಳು. ಕಂಬಳಿಯ ಸಂದಿಯಿಂದ ನೋಡಿದ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಒಂದು ವಾರ ಉಪಚಾರ ಮಾಡಿದವನು ನಾನು, ಅದು ನನ್ನ ಕೈಯಿಂದ ಒಂದು ಅಗುಳನ್ನೂ ತಿನ್ನದೆ ಹೋಯಿತು.

ಒಂದು ತೀರ್ಮಾನವಾಯಿತು. ಇನ್ನೊಂದು ಬಾಕಿ. ಹೊರಗೆ ಹುಲಿಗವ್ವನ ಹೆಜ್ಜೆ ಕೇಳಿಸಿತು. ಬಂದು ಒಳಕೋಣೆಯ ಬಾಗಿಲ ಮುಂದೆ ನಿಂತಳು.

"ಯಂಕೋಬಾ!"

ಹೊರಗಿದ್ದ ಕಿವಿಯನ್ನು ಒಳಗೆ ಎಳೆದುಕೊಂಡೆ.

"ಯಂಕೋಬಾ!"

ಕಾಲುಗಳನ್ನೂ ಒಳಗೆ ಎಳೆದುಕೊಂಡೆ.

"ಯಂಕೋಬೋ!"

"ತಲಿ ಹೊರಗ ಹಾಕೂದಿಲ್ಲ ಆಯೀ," ಎಂದಳು ನನ್ನ ಧರ್ಮಪತ್ನಿ. "ನೋಟಿಸು ಬೆನ್ನಿಗೆ ಅಂಟಿಸಿಬಿಡ್ರಿ."

ಹುಲಿಗವ್ವ ಬಾಗಿಲಿನಿಂದ ಹಿಂದಕ್ಕೆ ಸರಿದಳು. ಆಮೇಲೆ ಹುಸೇನಬೀಗೆ ಹೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇಂವ ಬಂದ ಮ್ಯಾಲ ನನ್ನ ಎಮ್ಮಿ ಈದೈತಿ, ಹಾಲೂ ಕಡಿಮಿ ಆಗಿಲ್ಲ. ಗಾದಿ ಮಾತು ಎಲ್ಲಾರಿಗೂ ಹತ್ತೂದಿಲ್ಲ ಬಿಡು. ಅದಲ್ದ ಆ ಆಮಿಗೇನು, ಎಲ್ಲಿ ಬಿಟ್ರೂ ಬದಕ್ತೈತಿ, ಮನಿ ಅದರ ಬೆನ್ನ ಮ್ಯಾಲ ಐತಿ. ಈ ಅಮೀನಗ ಅದೂ ಇಲ್ಲ. ಹೊರಗ ಹಾಕಿದ್ರ ಪಾಪ, ಯಾರು ಇಟ್ಕೋತಾರ ಇವನ್ನ? ಇರ್ಲಿ. ನಾವ ಸಾಕ್ಕೊಳ್ಳೂಣು."

ಬಡಜೀವಕ್ಕೆ ಮನೆ ಸಿಕ್ಕಿತು. ಪ್ರತಿಜ್ಞೆ ನೆರವೇರಿತು!

ಸಂಜೆ ಹುಲಿಗವ್ವ ತಟ್ಟೆಯಲ್ಲಿ ಬಿಸಿ ರೊಟ್ಟಿ, ಹತ್ತರಕಿ ಸೊಪ್ಪು ತಂದು ಬಾಗಿಲ ಹೊರಗೆ ಇಟ್ಟಳು. "ಮುಂಜಾನಿಯಿಂದ ಏನೂ ತಿಂದಿಲ್ಲಂತ, ತಿಂತಾನೇನು ನೋಡವಾ."

"ಇಡ್ರಿ ಆಯೀ," ಎಂದಳು ಸುರೇಖಾ. "ಸ್ವಲ್ಪ ದೂರ ಸರದು ನಿಂದರ್ರಿ. ಮಂದಿ ಇದ್ರ ಹೊರಗ ಬರೂದಿಲ್ಲ."

ಅವರು ದೂರ ಸರಿಯುವವರೆಗೆ ಕಾದು ನಾನು ಮೆಲ್ಲಗೆ ತಲೆ ಹೊರಗೆ ಹಾಕಿದೆ.