ವಿಮಲಳ ಉತ್ತರ ತಿದ್ದಿದ್ದು

ನನ್ನ ಹೆಂಡತಿ ವಿಮಲ ಸುಳ್ಳು ಹೇಳುವವಳಲ್ಲ. ಆದರೆ ಅವಳ ಮೂರು ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದಾದರೂ ಸುಳ್ಳಾಗಲೇಬೇಕಿತ್ತು.

ಅವಳಿಗೆ ಸೊಂಟನೋವು ಹೆಚ್ಚಾಗಿತ್ತು. ಬಗ್ಗಿ ಮಾಡುವ ಕೆಲಸ ಕಡಿಮೆಯಾಗಬೇಕು ಎಂದು ತಿಪಟೂರಿನಲ್ಲಿ ಡಾಕ್ಟರು ಹೇಳಿದರು. ಹಂದನಕೆರೆಯ ನಮ್ಮ ಕೊಟ್ಟಿಗೆಯಲ್ಲಿ ಇರುವುದು ಗೌರಿ, ಕೆಂಪಿ, ತುಂಗೆ ಎಂಬ ಮೂರು ಹಸುಗಳು. ಒಂದನ್ನು ಕೊಟ್ಟುಬಿಡುವುದೆಂದು ನಾನು ತೀರ್ಮಾನಿಸಿದೆ. (ಕೊಟ್ಟಿಗೆಯೊಳಗೆ ನಾನು ಕಾಲಿಟ್ಟವನಲ್ಲ. ತೀರ್ಮಾನಕ್ಕೆ ಅದೇನೂ ಅಡ್ಡಿಯಾಗಲಿಲ್ಲ.)

ಯಾವುದನ್ನು ಕೊಡೋಣವೆಂದರೆ ವಿಮಲ ಹಸುಗಳಿಗೆ ಹುಲ್ಲು ಹಾಕಲು ಎದ್ದು ಹೋದಳು. ತೆಂಗು ಬೆಳೆಗಾರರ ಅಭಿಪ್ರಾಯ ಸಮೀಕ್ಷೆ ಮಾಡುವುದು ನನ್ನ ಉದ್ಯೋಗ. ಎಲ್ಲವನ್ನೂ ಒಮ್ಮೆಗೇ ಕೇಳಿದರೆ ಜನ ಕಂಗಾಲಾಗುತ್ತಾರೆ. ಎರಡೆರಡನ್ನೇ ಮುಂದಿಟ್ಟು ಇದು ಮೇಲೋ ಅದು ಮೇಲೋ ಎಂದು ಕೇಳಬೇಕು. ಹಾಗೇ ಕೇಳಿದೆ. ಕೆಂಪಿಗಿಂತ ಗೌರಿ ಮೇಲು ಎಂದಳು. ತುಂಗೆಗಿಂತ ಕೆಂಪಿ ಮೇಲು ಎಂದಳು. ಹಾಗಾದರೆ ತುಂಗೆಗಿಂತ ಗೌರಿ ಮೇಲಿರಬೇಕಲ್ಲ? ಇಲ್ಲ, ಗೌರಿಗಿಂತ ತುಂಗೆಯೇ ಮೇಲಂತೆ.

ಇಂಥ ಸುತ್ತು ಬಿದ್ದಾಗ, ಉತ್ತರ ಕೊಟ್ಟವರನ್ನೇ ಮತ್ತೆ ಕೇಳಿ ಸರಿಪಡಿಸಬೇಕೆಂಬುದು ನಮ್ಮ ಶಾಸ್ತ್ರದ ನಿಯಮ. ಮತ್ತೆ ಕೇಳಿದರೂ ಅದನ್ನೇ ಹೇಳಿದಳು. ಹೆಂಡತಿಯ ಮನಸ್ಸು ನನಗೆ ಗೊತ್ತಿಲ್ಲವೇ ಎಂದುಕೊಂಡು ಕೊನೆಯ ಉತ್ತರವನ್ನು ನಾನೇ ತಿದ್ದಿದೆ. ತುಂಗೆ ತಳಕ್ಕೆ ಬಂದಳು. ಹುಳಿಯಾರಿನ ದಲ್ಲಾಳಿ ಹುಚ್ಚಣ್ಣನಿಗೆ ಫೋನ್ ಮಾಡಿದೆ.

ಅವನು ಬಂದು ತುಂಗೆಯ ಹಗ್ಗಕ್ಕೆ ಕೈ ಹಾಕಿದಾಗ ವಿಮಲ ಸೊಂಟ ಹಿಡಿದುಕೊಂಡು ಹೊರಗೆ ಬಂದಳು.

"ತುಂಗೇನ ಕೊಡಿ ಅಂತ ನಾನು ಯಾವಾಗ ಅಂದೆ?"

"ನಿನ್ನ ಉತ್ತರ ಒಂದಕ್ಕೊಂದು ತಾಳೆ ಆಗ್ಲಿಲ್ಲ ಕಣೇ. ಒಂದನ್ನ ತಿದ್ದಿದೆ."

ಅವಳು ಕೂಗಾಡಲಿಲ್ಲ. ಗೌರಿ, ಕೆಂಪಿ ಎಂದಾಗ ಅವಳಿಗೆ ಹಾಲು ನೆನಪಾಗಿತ್ತಂತೆ. ಕೆಂಪಿ, ತುಂಗೆ ಎಂದಾಗ ಗುಣ; ತುಂಗೆ ಒದೆಯುತ್ತಾಳಲ್ಲ. ಗೌರಿ, ತುಂಗೆ ಎಂದಾಗ, ತಾಯಿ ಸತ್ತ ಎಳೆಗರುವಾಗಿದ್ದ ತುಂಗೆಗೆ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡದ್ದು ನೆನಪಾಗಿತ್ತು. ಯಾವುದರಲ್ಲಿ ಮೇಲು ಎಂದು ನಾನು ಕೇಳಿರಲೇ ಇಲ್ಲ.

"ಡಾಕ್ಟ್ರು ಕೆಲಸ ಕಮ್ಮಿ ಮಾಡು ಅಂದ್ರು ಕಣ್ರೀ," ಎಂದಳು. "ದನ ಕಮ್ಮಿ ಮಾಡು ಅನ್ನಲಿಲ್ಲ. ನಿಮಗೂ ಎರಡು ಕೈ ಅವೆಯಲ್ಲ."

ಹುಚ್ಚಣ್ಣ ಹಗ್ಗ ಬಿಟ್ಟು, ಕಾಫಿ ಕುಡಿದು ಹೊರಟ. ನನಗೆ ತಲೆ ಎತ್ತಲಾಗಲಿಲ್ಲ.

ಈಗ ಸಗಣಿ ಬಾಚುವವನೂ ಹಾಲು ಕರೆಯುವವನೂ ನಾನೇ. ವಿಮಲ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹೇಳಿಕೊಡುತ್ತಾಳೆ. ಮೊನ್ನೆ ತುಂಗೆ ಬಕೆಟ್ಟನ್ನೂ ನನ್ನನ್ನೂ ಒಟ್ಟಿಗೇ ಉರುಳಿಸಿದಳು. ಬಿದ್ದಲ್ಲಿಂದಲೇ, ಚಪಲ ತಡೆಯದೆ ಕೇಳಿದೆ: ನಾನು ಮೇಲೋ ಗೌರಿಯೋ? ಗೌರಿ ಎಂದಳು. ನಾನೋ ಕೆಂಪಿಯೋ? ಕೆಂಪಿ. ನಾನೋ ತುಂಗೆಯೋ? ಅವಳು ಎದ್ದು ಬಂದು, ತುಂಗೆಯ ಕಾಲಿಗೆ ಪೆಟ್ಟಾಗಿದೆಯೇ ಎಂದು ನೋಡಿದಳು.

ಈ ಸಲ ಮೂರೂ ಉತ್ತರ ತಾಳೆಯಾಗಿದ್ದವು, ತಿದ್ದುವಂಥದ್ದೇನೂ ಇರಲಿಲ್ಲ.