ಎರಡರ ಮೇಲೆ ಗೋಡೆ ಎಬ್ಬಿಸಿದ ನಕ್ಷೆಯಂತ್ರಕ್ಕೆ

ಗಣಿತ ಕೊಠಡಿಯ ಕಿಟಕಿ ಪಕ್ಕದ ಮೇಜನ್ನು ಅಲಂಕರಿಸಿ, ಗುಂಡಿ ಒತ್ತಿದ ಕ್ಷಣವೇ ಎಂಥ ಸಮೀಕರಣಕ್ಕೂ ನಕ್ಷೆ ಬಿಡಿಸಿಕೊಡುವ ಮಾನ್ಯ ಯಂತ್ರರೇ,

ಬೆವರದೆ, ಆಕಳಿಸದೆ, ರಜೆ ಕೇಳದೆ ದುಡಿಯುವ ತಮಗೆ ಮೊದಲು ನನ್ನ ನಮಸ್ಕಾರಗಳು. ಒಂದನ್ನು ‘x ಕಳೆ 2’ರಿಂದ ಭಾಗಿಸುವ ಫಲನದ ನಕ್ಷೆಯಲ್ಲಿ ತಾವು ತೋರಿದ ಔದಾರ್ಯದ ಬಗ್ಗೆ ಒಂದು ಅರಿಕೆಯಿದೆ.

ತಾವು ಬಲ್ಲಿರಿ, x ಎರಡಾದರೆ ಛೇದ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಭಾಗಿಸುವ ಹಕ್ಕು ರಾಜನಿಗೂ ಇಲ್ಲ. ಆದ್ದರಿಂದ ನಕ್ಷೆಯ ಒಂದು ಕವಲು ಎರಡರ ಎಡಬದಿಗೆ ಬಂದು ಪಾತಾಳಕ್ಕಿಳಿಯುತ್ತದೆ, ಇನ್ನೊಂದು ಬಲಬದಿಯಲ್ಲಿ ಆಕಾಶಕ್ಕೇರುತ್ತದೆ, ನಡುವೆ ಯಾರೂ ಕಾಲಿಡದ ಜಾಗ ಹಾಗೇ ಉಳಿಯುತ್ತದೆ. ತಾವೋ, ಎರಡಕ್ಕಿಂತ ಚೂರು ಹಿಂದಿನ ಬಿಂದುವಿನಿಂದ ಚೂರು ಮುಂದಿನ ಬಿಂದುವಿಗೆ ನೆಗೆದು, ಮಧ್ಯೆ ಏನಿದೆಯೆಂದು ಬಗ್ಗಿಯೂ ನೋಡದೆ, ಆಕಾಶ ಪಾತಾಳಗಳನ್ನು ಒಂದೇ ನೆಟ್ಟನೆಯ ಗೆರೆಯಲ್ಲಿ ಹೊಲಿದುಬಿಟ್ಟಿರಿ. ಮೇಲಿನವರನ್ನೂ ಕೆಳಗಿನವರನ್ನೂ ಒಂದುಗೂಡಿಸಿ ಎಂದು ನಾನು ಓದಿದ ಕರಪತ್ರಗಳೆಲ್ಲ ಇನ್ನೂ ಬೇಡುತ್ತಲೇ ಇವೆ. ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದಿರಿ!

ಪರೀಕ್ಷೆಯಲ್ಲಿ ಇಡೀ ತರಗತಿ ತಮ್ಮ ಗೋಡೆಯನ್ನೇ ಎಬ್ಬಿಸಿತು. ನನ್ನ ತಂಗಿ ಒಬ್ಬಳೇ ಅಲ್ಲಿ ಖಾಲಿ ಜಾಗ ಬಿಟ್ಟಳು. ಮೇಷ್ಟ್ರು ತಾವು ಬಿಡಿಸಿಕೊಟ್ಟ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ‘ಅಪೂರ್ಣ’ ಎಂದು ಬರೆದು ಅವಳ ಎರಡು ಅಂಕ ಕತ್ತರಿಸಿದರು. ಆ ಎರಡಿಲ್ಲದೆ ಮುಂದಿನ ವರ್ಷ ಗಣಿತ ವಿಭಾಗದಲ್ಲಿ ಅವಳಿಗೆ ಜಾಗವಿಲ್ಲ. ಅವಳು ಮರುಪರಿಶೀಲನೆ ಕೇಳುತ್ತೇನೆಂದರೆ ಗೆಳತಿಯರು, “ಸುಮ್ನಿರೇ ತಾಯಿ, ನಿಂದು ಸರಿ ಅಂತಾದ್ರೆ ನಮ್ಮೆಲ್ಲರ ಅಂಕಾನೂ ಹೋಗತ್ತೆ!” ಎಂದು ಅಡ್ಡ ನಿಂತರು. ಅಮ್ಮನೂ, “ಆ ಯಂತ್ರಕ್ಕಿಂತ ನೀನು ಬುದ್ಧಿವಂತೆನಾ?” ಎಂದು ಹಂಗಿಸಿದರು. “ಅದಕ್ಕೆ ಬುದ್ಧಿ ಇಲ್ಲಮ್ಮ, ಅವಸರ ಅಷ್ಟೇ” ಎಂದ ತಂಗಿ ಅರ್ಜಿ ಹಾಕಿಯೇಬಿಟ್ಟಳು.

ಆಮೇಲೆ ಅವಳೇ ತಮ್ಮ ಬಳಿ ಬಂದು, x ಎರಡಾದಾಗ ಬೆಲೆಯೆಷ್ಟೆಂದು ವಿನಯದಿಂದ ಕೇಳಿದಳು. ತಾವು ‘ದೋಷ’ ಎಂದು ಉತ್ತರಿಸಿದಿರಿ. ಅಲ್ಲಿ ಗೋಡೆ ಕಟ್ಟಿದವರೂ ತಾವೇ, ಅಲ್ಲಿ ಏನೂ ಇಲ್ಲವೆಂದವರೂ ತಾವೇ! ಇಂಥ ನಾಲಿಗೆಯುಳ್ಳವರು ಶಾಲೆಯ ಮೇಜಿನ ಮೇಲೆ ಧೂಳು ತಿನ್ನುತ್ತಿರುವುದು ಸಾರ್ವಜನಿಕ ಜೀವನಕ್ಕೆ ತುಂಬಲಾರದ ನಷ್ಟ.

ಆದ್ದರಿಂದ ಪ್ರಾರ್ಥನೆಯೇನೆಂದರೆ, ನಾಳೆಯ ಮರುಪರಿಶೀಲನೆಗೆ ತಾವೇ ವಯರು ಕಿತ್ತುಕೊಂಡು ನಡೆದುಬಂದು ಸಾಕ್ಷಿ ಹೇಳಬೇಕು. ಆಗದಿದ್ದರೆ ತಮ್ಮ ಗೋಡೆಯನ್ನು ತುದಿಯವರೆಗೆ ಹತ್ತಿ ಎತ್ತರ ಅಳೆದು ತಿಳಿಸಬೇಕು. ಅನಂತದ ದಾರಿಗೆ ಬುತ್ತಿ ನಾನೇ ಕಟ್ಟಿಕೊಡುತ್ತೇನೆ. ಕೈ ಎತ್ತಿಸಿ ಎಣಿಸಿದರೆ ತಂಗಿ ಒಬ್ಬಳೇ, ನಿಜ. ಆದರೆ ಸತ್ಯವನ್ನು ಕೈ ಎತ್ತಿಸಿ ಎಣಿಸುವ ಪದ್ಧತಿ ಗಣಿತದಲ್ಲಾದರೂ ಬೇಡ.

ಇಷ್ಟಾದರೂ ತಮ್ಮ ವಿಶ್ವಾಸಿ,
ಸರಿಯಾಗಿ ಬರೆದು ಅಂಕ ಕಳೆದುಕೊಂಡವಳ ಅಣ್ಣ

ವಿ.ಸೂ.: ಇದನ್ನು ಸೂಚನಾ ಫಲಕಕ್ಕೆ ಅಂಟಿಸುವ ಮೊದಲೇ ಮರುಪರಿಶೀಲನೆ ಮುಗಿಯಿತು. ತಂಗಿಗೆ ಎರಡೂ ಅಂಕ ಬಂದವು. “ಮಕ್ಕಳದ್ದೇನು ತಪ್ಪು, ನಾನೇ ಈ ಯಂತ್ರಾನ ನಂಬಿದ್ದೆ” ಎಂದ ಮೇಷ್ಟ್ರು ಉಳಿದವರ ಅಂಕಗಳನ್ನು ಕೀಳದೆ, ಅಷ್ಟನ್ನೂ ಯಂತ್ರರಾದ ತಮ್ಮ ಹೆಸರಿನಲ್ಲಿ ಕಳೆದಿದ್ದಾರೆ. ತಾವೀಗ ಸೊನ್ನೆಗಿಂತ ಬಹಳ ಕೆಳಗಿದ್ದೀರಿ. ಪೂರಕ ಪರೀಕ್ಷೆ ಸೋಮವಾರ; ಮೇಲ್ವಿಚಾರಕಿ ನನ್ನ ತಂಗಿ. ಪೆನ್ಸಿಲ್ ತಾವೇ ತರತಕ್ಕದ್ದು.