ಏರಿನಲ್ಲಿ ನಿಂತ ಅಡುಗೆಮನೆ

'ನನಗೆ ಗೊತ್ತಿಲ್ಲ' ಎಂದು ಹೇಳುವ ಅಭ್ಯಾಸ ನನಗಿಲ್ಲ. ಇದು ಜಂಬವಲ್ಲ, ವೃತ್ತಿಯಿಂದ ಅಂಟಿಕೊಂಡ ಗುಣ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಮಕ್ಕಳ ಎದುರು ಒಂದು ಸಲ ಹಾಗೆ ಒಪ್ಪಿಕೊಂಡರೆ ಆ ವರ್ಷವೆಲ್ಲ ಅವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಗೊತ್ತಿಲ್ಲದ್ದನ್ನು ಗೊತ್ತಿದ್ದುದಕ್ಕಿಂತ ಗಟ್ಟಿ ದನಿಯಲ್ಲಿ ಹೇಳುವುದನ್ನು ರೂಢಿಸಿಕೊಂಡೆ. ನಿವೃತ್ತಿಯಾದ ಮೇಲೆ ತರಗತಿ ಹೋಯಿತು, ದನಿ ಉಳಿಯಿತು. ಈಗ ಹುಬ್ಬಳ್ಳಿಯ ಗೋಪನಕೊಪ್ಪದ ಮನೆಯಲ್ಲಿ ಅದನ್ನು ಕೇಳುವವಳು ನನ್ನ ಹೆಂಡತಿ ಗಿರಿಜಾ ಒಬ್ಬಳೇ. ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿ "ಹೌದೇನ್ರಿ" ಅನ್ನುತ್ತಾಳೆ. ಅದರಲ್ಲಿ ಒಪ್ಪಿಗೆ ಎಷ್ಟು, ಅನುಮಾನ ಎಷ್ಟು ಎಂದು ಅಳೆಯುವ ಧೈರ್ಯವನ್ನು ನಾನು ಇದುವರೆಗೂ ಮಾಡಿಲ್ಲ.

ಹೋದ ವರ್ಷ ಹೊಸ ಕಾರು ಕೊಂಡೆ. ನನ್ನ ಹಳೆಯ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಂದರೆ ಹ್ಯಾಂಡ್‌ಬ್ರೇಕ್. ಎಳೆದರೆ ಕರ್ರ್ ಎಂದು ಸದ್ದಾಗಬೇಕು, ತೋಳಿನ ನರ ಎದ್ದು ಕಾಣಬೇಕು. ದುರ್ಗದಬೈಲಿನ ಸಂತೆಗದ್ದಲದಲ್ಲಿ ಗಾಡಿ ನಿಲ್ಲಿಸಿ ಅದನ್ನು ಎಳೆದಾಗ, ನಾನೂ ಒಂದು ಕೆಲಸ ಮಾಡಿದೆ ಎಂಬ ಸಮಾಧಾನ ಸಿಗುತ್ತಿತ್ತು. ಹೊಸ ಕಾರಿನಲ್ಲಿ ಆ ಜಾಗಕ್ಕೆ ಬೆರಳಗಲದ ಒಂದು ಬಟನ್ ಇದೆ. ಮೇಲೆತ್ತಿದರೆ ಬ್ರೇಕು ಹಿಡಿಯುತ್ತದೆ, ಒತ್ತಿದರೆ ಬಿಡುತ್ತದೆ. ಎಂಜಿನ್ ನಡೆಯುತ್ತಿರುವಾಗ ಬೆಲ್ಟ್ ಬಿಚ್ಚಿ ಬಾಗಿಲು ತೆರೆದರೆ ತಾನೇ ಹಿಡಿದುಕೊಳ್ಳುತ್ತದೆ. ಬೆಲ್ಟ್ ಹಾಕಿಕೊಂಡು ಎಕ್ಸಿಲರೇಟರ್ ತುಳಿದರೆ ತಾನೇ ಬಿಡುತ್ತದೆ. ಇಷ್ಟನ್ನು ಷೋರೂಮಿನ ಹುಡುಗಿ ನಗುನಗುತ್ತಾ ಹೇಳಿದಳು. ಜೊತೆಗೆ ದಪ್ಪನೆಯ ಪುಸ್ತಕವೊಂದನ್ನು ಕೊಟ್ಟು ಓದಲು ಹೇಳಿದಳು. ಪಾಠ ಓದಿಕೊಂಡು ಬನ್ನಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ನಾನು ಅದನ್ನು ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಹಾಕಿ ಮುಚ್ಚಿಬಿಟ್ಟೆ.

ಈಗ ಗಿರಿಜಾಳ ಮಾತು. ಇಪ್ಪತ್ತು ವರ್ಷದಿಂದ ಅವಳು ಪರಿಚಯದವರ ಮನೆಯ ಕಾರ್ಯಗಳಿಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿಕೊಡುತ್ತಿದ್ದಾಳೆ. ಅಡುಗೆಯನ್ನು ಅವರವರ ಬಾಗಿಲಿಗೇ ಬಿಸಿಬಿಸಿಯಾಗಿ ಮುಟ್ಟಿಸಬೇಕು ಎಂಬುದು ಅವಳ ಬಹುದಿನದ ಆಸೆ. ಅವಳ ಅಣ್ಣ ಶಿವಾನಂದ ಅಮರಗೋಳದಲ್ಲಿ ಕಾಳಿನ ವ್ಯಾಪಾರಿ. ಅವರು ಒಮ್ಮೆ ಹುರುಪಿನಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾರವಾನ್ ಒಂದನ್ನು ಕೊಂಡಿದ್ದರು. ಮೊದಲ ಪ್ರವಾಸದಲ್ಲೇ ಅತ್ತಿಗೆ, "ಅಳ್ಳಾಡೂ ಮನ್ಯಾಗ ನಾ ಮಲಗಂಗಿಲ್ಲ" ಎಂದು ತೀರ್ಪು ಕೊಟ್ಟರು. ಅಂದಿನಿಂದ ಅದು ಗೋದಾಮಿನ ಪಕ್ಕದಲ್ಲಿ ಖಾಲಿ ಚೀಲ ತುಂಬಿಕೊಂಡು ನಿಂತಿತ್ತು. ಗಿರಿಜಾ ಅದನ್ನು ಕೇಳಿ ತಂದು, ಒಳಗೆ ಒಲೆ, ಹಂಚು, ಕಪಾಟು ಕೂಡಿಸಿ ಅಡುಗೆಮನೆ ಮಾಡಿದಳು. ಓಣಿಯವರು ಅದಕ್ಕೆ 'ಗಿರಿಜಾಬಾಯಾರ ರೈಲು ಡಬ್ಬಿ' ಎಂದು ಹೆಸರಿಟ್ಟರು.

ಆ ಡಬ್ಬಿಗೆ ಮೊದಲ ಕರೆ ಬಂದದ್ದು ಧಾರವಾಡದಿಂದ. ಗಿರಿಜಾಳ ಸೋದರಮಾವ ಚನ್ನಬಸಪ್ಪನವರ ಮನೆಯಲ್ಲಿ ಸಂಗೀತದ ಬೈಠಕ್, ಎಂಬತ್ತು ಮಂದಿಗೆ ಊಟ. ಮಾವನವರ ಮನೆ ಇರುವುದು ಒಂದು ಏರಿನ ತುದಿಯಲ್ಲಿ. ಧಾರವಾಡದ ಜನ ಆ ಏರನ್ನು ಏರು ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹುಬ್ಬಳ್ಳಿಯವರಾದ ನಮಗೆ ಅದು ಕತ್ತೆತ್ತಿ ನೋಡುವಂಥದು. ಶಿವಾನಂದ, "ನಮ್ಮ ಡ್ರೈವರ್ ಮಲ್ಲಪ್ಪ ಜೀಪ್ ತಗೊಂಡ ಬರ್ತಾನ, ಆತಗ ಏರಿನ ರೂಢಿ ಐತಿ" ಎಂದರು. ನನಗೆ ಅವಮಾನವಾಯಿತು. ಇಳಿಜಾರಿನ ಮೇಲೆ ನಿಂತ ವಸ್ತುವಿನ ಚಿತ್ರವನ್ನು ಬಾಣದ ಗುರುತುಗಳ ಸಮೇತ ಬೋರ್ಡಿನ ಮೇಲೆ ಸಾವಿರ ಸಲ ಬರೆದವನು ನಾನು. ಮಲ್ಲಪ್ಪ ಒಂದು ಬಾಣವನ್ನಾದರೂ ಬರೆದಿದ್ದಾನೆಯೇ?

"ನನ್ನ ಗಾಡಿಯ ಬ್ರೇಕು ತಾನೇ ಹಿಡೀತೈತಿ, ತಾನೇ ಬಿಡತೈತಿ. ನಾ ಬರೇ ಕೂತರ ಸಾಕು" ಎಂದೆ.

"ಹೌದೇನ್ರಿ" ಎಂದಳು ಗಿರಿಜಾ. ಆಮೇಲೆ ಇನ್ನೊಂದು ಮಾತು ಸೇರಿಸಿದಳು. "ಇದೊಂದ ಸಲ ನೋಡ್ತೇನಿ. ಹನ್ನೆರಡೂವರಿಗೆ ಪಂಕ್ತಿ ಕೂಡಬೇಕು. ತಪ್ಪಿತಂದ್ರ ಮುಂದಿನ ಸಲದಿಂದ ಮಲ್ಲಪ್ಪನ್ನ ಕರಸ್ತೇನಿ."

ನಿವೃತ್ತಿಯಾದವನಿಗೆ ಒಂದು ಹುದ್ದೆ ಎಷ್ಟು ದೊಡ್ಡದು ಎಂಬುದು ನಿವೃತ್ತಿಯಾದವರಿಗೇ ಗೊತ್ತು. ಗಿರಿಜಾಳಿಗೆ ಅಂದು ಅವಳ ಅಡುಗೆಯ ಹೆಸರು ಪಣಕ್ಕಿತ್ತು, ನನಗೆ ಡ್ರೈವರಿಕೆ. ಅದು ಹೋದರೆ ಬೆಳ್ಳುಳ್ಳಿ ಸುಲಿಯುವುದೊಂದೇ ನನಗೆ ಉಳಿಯುವ ಕೆಲಸ.

ಹುಬ್ಬಳ್ಳಿಯಿಂದ ಧಾರವಾಡದವರೆಗೆ ನಾನು ಬೆಣ್ಣೆಯಂತೆ ಗಾಡಿ ಓಡಿಸಿದೆ. ಅದನ್ನು ನಾನೇ ಎರಡು ಸಲ ಗಿರಿಜಾಳಿಗೆ ಹೇಳಿಯೂ ಹೇಳಿದೆ. ಏರು ಹತ್ತಿ ಅರ್ಧಕ್ಕೆ ಬಂದಾಗ ಎದುರಿಗೆ ಗ್ಯಾಸಿನ ಗಾಡಿಯೊಂದು ಸಿಲಿಂಡರ್ ಇಳಿಸುತ್ತಾ ನಿಂತಿತ್ತು. ನಾನೂ ನಿಂತೆ, ಬಟನ್ ಎತ್ತಿದೆ. ಕಾರು, ಹಿಂದಿನ ಡಬ್ಬಿ, ಅದರೊಳಗಿನ ಎಂಬತ್ತು ಮಂದಿಯ ಊಟ, ಎಲ್ಲವೂ ಮೊಳೆ ಹೊಡೆದಂತೆ ನಿಂತವು. ಗಿರಿಜಾಳ ಕಡೆ ನೋಡಿ ಹುಬ್ಬು ಹಾರಿಸಿದೆ.

ಅಷ್ಟರಲ್ಲಿ ಚನ್ನಬಸಪ್ಪ ಮಾವನವರು ನಮ್ಮನ್ನು ಎದುರುಗೊಳ್ಳಲು ಬಡಿಗೆ ಊರುತ್ತಾ ಇಳಿದು ಬಂದರು. ಹಿರಿಯರು ನಿಂತಿರುವಾಗ ನಾವು ಕುಳಿತು ಮಾತಾಡುವುದು ನಮ್ಮ ಕಡೆ ಇಲ್ಲ. ಬೆಲ್ಟ್ ಬಿಚ್ಚಿ, ಇಳಿದು, ಕಾಲು ಮುಟ್ಟಿ ನಮಸ್ಕಾರ ಮಾಡಿದೆ. "ಆರಾಮ ಅದೀರೇನಪಾ" ಎಂದು ಕೇಳಿದರು. ಆರಾಮ ಎಂದೆ. ಮತ್ತೆ ಹತ್ತಿ ಕುಳಿತು ಬೆಲ್ಟ್ ಹಾಕಿಕೊಂಡೆ. ಅವರ ಹಿಂದೆಯೇ ಅವರ ತಮ್ಮ ಬಂದರು. ಮತ್ತೆ ಇಳಿದೆ. ಅವರಾದ ಮೇಲೆ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಬಂದರು, ನನಗಿಂತ ಎರಡೇ ವರ್ಷ ಹಿರಿಯರು, ಆದರೂ ಹಿರಿಯರೇ. ಮೂರನೆಯ ಸಲ ಇಳಿದು ಹತ್ತುವಷ್ಟರಲ್ಲಿ ಗ್ಯಾಸಿನ ಗಾಡಿ ಹೋಗಿತ್ತು, ನನ್ನ ಹಿಂದೆ ಎರಡು ಆಟೋ ಹಾರ್ನ್ ಹೊಡೆಯುತ್ತಿದ್ದವು, ಗಡಿಯಾರ ಹನ್ನೆರಡು ದಾಟಿತ್ತು. ಅವಸರದಲ್ಲಿ ಬೆಲ್ಟ್ ಹಾಕಿಕೊಳ್ಳಲಿಲ್ಲ.

ಎಕ್ಸಿಲರೇಟರ್ ತುಳಿದೆ. ಬ್ರೇಕು ಬಿಡಲಿಲ್ಲ. ಇನ್ನಷ್ಟು ತುಳಿದೆ, ಎಂಜಿನ್ ಕೂಗಿಕೊಂಡಿತು, ಕ್ಲಚ್ ಸುಟ್ಟ ವಾಸನೆ ಬಂತು. ಸಿಟ್ಟಿನಿಂದ ಕಾಲಿನ ಬ್ರೇಕು ತುಳಿದು ಬಟನ್ ಒತ್ತಿದೆ. ಅದು ವಿನಯದಿಂದ ಬಿಟ್ಟಿತು. ನನ್ನ ಕಾಲು ಅಲ್ಲಿಂದ ಎಕ್ಸಿಲರೇಟರಿಗೆ ಹೋಗುವ ಆ ಒಂದು ಗಳಿಗೆಯಲ್ಲಿ ಡಬ್ಬಿ ತನ್ನ ಭಾರ ತೋರಿಸಿತು. ನಾವು ಹಿಂದಕ್ಕೆ ಹೊರಟೆವು.

ಇಲ್ಲಿ ನಮ್ಮ ಊರಿನ ಇನ್ನೊಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಯಾವ ಗಾಡಿ ಹಿಂದಕ್ಕೆ ಬಂದರೂ, ಯಾರದೇ ಆಗಲಿ, ಹತ್ತಿರವಿದ್ದವರು ಪಕ್ಕಕ್ಕೆ ನಿಂತು ದಾರಿ ತೋರಿಸಬೇಕು. ಏಕೆ ಬರುತ್ತಿದೆ ಎಂದು ಕೇಳುವುದಿಲ್ಲ. ಮಾವನವರು ಬಡಿಗೆ ಎತ್ತಿ, "ಬರ್ಲಿ, ಬರ್ಲಿ, ಹಂಗ ಬರ್ಲಿ" ಎಂದು ಶುರುಮಾಡಿದರು. ಹೆಡ್‌ಮಾಸ್ತರರು ಇನ್ನೊಂದು ಬದಿಗೆ ನಿಂತು, "ಸ್ವಲ್ಪ ಎಡಕ್ಕ ಕೊಡ್ರಿ, ಜಗಾ ಐತಿ, ಬರ್ಲಿ" ಎಂದರು. ಆಟೋದವರು ಗೌರವದಿಂದ ಹಿಂದೆ ಸರಿದು ದಾರಿ ಬಿಟ್ಟರು. ಬ್ರೇಕನ್ನು ಎರಡೂ ಕಾಲಿನಿಂದ ತುಳಿದು ನಾನು ನಿಲ್ಲಿಸಿದಾಗ ಡಬ್ಬಿಗೂ ಒಬ್ಬರ ಕಂಪೌಂಡ್ ಗೋಡೆಗೂ ನಡುವೆ ಗೇಣು ಜಾಗ ಉಳಿದಿತ್ತು. "ಬರೋಬ್ಬರಿ ನಿಲ್ಲಿಸಿದ್ರಿ ನೋಡ್ರಿ" ಎಂದು ಮಾವನವರು ಮೆಚ್ಚಿದರು.

ಡಬ್ಬಿಯೊಳಗೆ ಯಾವುದೋ ಪಾತ್ರೆ ಉರುಳಿದ ಸದ್ದು ಇನ್ನೂ ನಿಂತಿರಲಿಲ್ಲ. ಗಿರಿಜಾ ತಿರುಗಿ ಡಬ್ಬಿಯ ಕಡೆ ನೋಡಿದಳು. ಇಪ್ಪತ್ತು ವರ್ಷ ಕಾದ ಹೆಂಗಸಿನ ಅಡುಗೆಯನ್ನು ನನ್ನ ಜಂಬಕ್ಕಾಗಿ ಪಣಕ್ಕೆ ಒಡ್ಡಿದ್ದೆ. ಜೀವನದಲ್ಲಿ ಮೊದಲ ಸಲ ಆ ಮಾತು ಹೊರಬಂತು.

"ಗಿರಿಜಾ, ಏನ ಮಾಡಬೇಕೋ ನನಗ ಗೊತ್ತಾಗವಲ್ದು."

"ಮೊದಲ ಬೆಲ್ಟ್ ಹಾಕ್ಕೋರಿ" ಎಂದಳು. "ಪುಸ್ತಕದಾಗ ಐತಿ. ಮೊನ್ನೆ ಬೆಳ್ಳುಳ್ಳಿ ಸುಲಿಯೂ ಮುಂದ ಓದೇನಿ. ಹಿಂದ ಗಾಡಿ ಕಟ್ಟಿದಾಗ ಏರಿನ್ಯಾಗ ಈ ಬಟನ್ ಮ್ಯಾಲ ಎತ್ತಿ ಹಿಡಕೊಂಡಿರಬೇಕು. ಎಂಜಿನ್ ಪೂರಾ ಎಳಿಯಾಕ ಹತ್ತಿದ ಮ್ಯಾಲ ಬಿಡಬೇಕು. ಲಗೂ ಬಿಟ್ರ ಹಿಂದ ಉಳ್ಳತೈತಿ."

"ಮೊದಲ ಯಾಕ ಹೇಳಲಿಲ್ಲ?"

"ನೀವು ಬರೇ ಕೂತರ ಸಾಕು ಅಂದಿದ್ರಿ."

ನನ್ನ ಎರಡು ಕೈಗಳೂ ಸ್ಟೀರಿಂಗನ್ನು ಬಿಗಿಹಿಡಿದಿದ್ದವು, ಬಿಡಿಸಿದರೂ ಬರುವಂತಿರಲಿಲ್ಲ. ಅದನ್ನು ನೋಡಿ ಗಿರಿಜಾ ತಾನೇ ಎರಡು ಬೆರಳಿನಿಂದ ಬಟನ್ ಎತ್ತಿ ಹಿಡಿದಳು. "ಈಗ ಕ್ಲಚ್ ಸಾವಕಾಶ ಬಿಡ್ರಿ. ಇನ್ನಾ ಸ್ವಲ್ಪ. ಇನ್ನಾ." ಕಾರಿನ ಮೂತಿ ಮೇಲೆದ್ದು ನಡುಗಿತು. ಹಂಚಿನ ಮೇಲಿನ ರೊಟ್ಟಿ ಯಾವಾಗ ಉಬ್ಬುತ್ತದೆ ಎಂದು ನೋಡದೆಯೇ ತಿಳಿಯುವವಳು ಅವಳು. ಸರಿಯಾದ ಗಳಿಗೆಗೆ ಬಟನ್ ಬಿಟ್ಟಳು. ಗಾಡಿ ಒಂದಿಂಚೂ ಹಿಂದೆ ಜಾರದೆ ಏರು ಹತ್ತಿ ಮಾವನವರ ಅಂಗಳದಲ್ಲಿ ಹೋಗಿ ನಿಂತಿತು.

ಉರುಳಿದ್ದು ಖಾಲಿ ಕೊಳಗ. ಎಣ್ಣೆಗಾಯಿಯ ಪಾತ್ರೆಗಳನ್ನೆಲ್ಲ ಅವಳು ಮುಂಚೆಯೇ ಬಟ್ಟೆಯಲ್ಲಿ ಬಿಗಿದು ಕಟ್ಟಿದ್ದಳು. ಹನ್ನೆರಡೂವರೆಗೆ ಪಂಕ್ತಿ ಕೂಡಿತು. ಬಿಸಿ ರೊಟ್ಟಿ ಹಂಚಿನಿಂದ ನೇರವಾಗಿ ಎಲೆಗೆ ಬಂದಾಗ, ಹಾಡುವುದಕ್ಕೆ ಬಂದವರು ಇನ್ನೆರಡು ಹಾಕಿಸಿಕೊಂಡು ಹಾಡನ್ನು ಅರ್ಧ ಗಂಟೆ ಮುಂದೂಡಿದರು. ಊಟದ ನಡುವೆ ಯಾರೋ, "ಇಷ್ಟ ದೊಡ್ಡ ಡಬ್ಬಿ ಈ ಏರಿಗೆ ಯಾರು ತಂದ್ರಿ" ಎಂದು ಕೇಳಿದರು. ಗಿರಿಜಾ ಸಾರು ಬಡಿಸುತ್ತಾ, "ಇವರ ರೀ. ಭಾಳ ಛಲೋ ಹೊಡೀತಾರ" ಎಂದಳು. ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಎಂದು ತಿಳಿದರು. ನಾನೂ ತಿದ್ದಲಿಲ್ಲ.

ಸಂಜೆ ಹೊರಡುವಾಗ ಇನ್ನೂ ಮೂರು ಮನೆಯವರು ತಮ್ಮ ಕಾರ್ಯಗಳಿಗೆ ಅಡುಗೆ ಮಾಡಿಕೊಡಲು ಗಿರಿಜಾಳಿಗೆ ಹೇಳಿದ್ದರು. ಕಾರಿನಲ್ಲಿ ಕುಳಿತ ಮೇಲೆ ಧೈರ್ಯ ಮಾಡಿ ಕೇಳಿದೆ, "ಮುಂದಿನ ಸಲ ಮಲ್ಲಪ್ಪಗ ಹೇಳ್ತಿ ಏನು?"

"ಮಲ್ಲಪ್ಪ ಯಾಕ?" ಎಂದಳು ಗಿರಿಜಾ. "ಆತಗ ಎಲ್ಲಾ ಬರತೈತಿ. ನಾ ಹೇಳಿದ್ದ ಕೇಳಂಗಿಲ್ಲ."

ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಅರ್ಹತೆಯನ್ನು ಇಷ್ಟು ಸ್ಪಷ್ಟವಾಗಿ ಯಾವ ಮೇಲಧಿಕಾರಿಯೂ ಹೇಳಿರಲಿಲ್ಲ. ನಾನು ಬೆಲ್ಟ್ ಹಾಕಿಕೊಂಡು, ಆಕೆಯ ಬೆರಳು ಬಟನ್‌ನ ಕಡೆ ಬರುವುದನ್ನು ಕಾಯುತ್ತಾ ಕುಳಿತೆ.